ಮನೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಕೊಂಡ ಮೇಲೆ ಮುಂದೇನು?

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಿಟ್ ತರಿಸಿ ರಾತ್ರಿ ಮನೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡಿಕೊಂಡೆ. ಆಗ ಒಂದೇ ಗೆರೆ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದಲ್ಲಿ ಇನ್ನೊಂದು ತೆಳು ಗೆರೆ ಕಾಣಿಸಿತು. ಇದು ಪಾಸಿಟಿವ್ ಎಂದೇ ಅರ್ಥವೇ? ಖಾತ್ರಿಗೆ ಅದೇ ಕಿಟ್ ಇನ್ನೊಂದು ತರಿಸಲೇ? ಸರ್ಕಾರಿ ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ಕಿಟ್‌ನ ಜೊತೆ ಬರುವ ಕಾಗದ ಪರೀಕ್ಷೆ ಹೇಗೆ ಮಾಡಬೇಕೆಂಬುದನ್ನು ಚಿತ್ರ ಸಮೇತ ವಿವರಿಸಿ, ಕೊನೆಗೆ 'ವೈದ್ಯರನ್ನು ಸಂಪರ್ಕಿಸಿ' ಎಂದು ಮುಗಿಸಿಬಿಡುತ್ತದೆ. ಯಾವ ವೈದ್ಯರು, ಯಾವ ಕೊಠಡಿ, ಹೋಗಿ ಏನೆಂದು ಕೇಳಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ನಿಮ್ಮ ಮೂರು ಪ್ರಶ್ನೆಗಳೂ ಅಲ್ಲಿಂದಲೇ ಹುಟ್ಟಿವೆ. ಈ ಗೊಂದಲ ಸಹಜವಾದದ್ದು.

ಮೊದಲು ನಿಮಗೆ ತುರ್ತಾಗಿ ಬೇಕಾದ ಉತ್ತರ. ಬೆಳಿಗ್ಗೆ ಕಂಡ ಗೆರೆಗೆ ಲೆಕ್ಕವಿಲ್ಲ. ಅದರಿಂದ ನಿಮಗೆ ಸೋಂಕು ಇದೆ ಎಂದು ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಪ್ರತಿ ಕಿಟ್‌ಗೂ ಫಲಿತಾಂಶ ಓದಲು ಒಂದು ಅವಧಿ ಗೊತ್ತುಮಾಡಿರುತ್ತಾರೆ. ವಸಡಿನ ದ್ರವದಿಂದ ಮಾಡುವ ಓರಾಕ್ವಿಕ್ ಕಿಟ್‌ಗೆ ಅದು 20ರಿಂದ 40 ನಿಮಿಷ. ಬೆರಳು ಚುಚ್ಚಿ ರಕ್ತದ ಹನಿಯಿಂದ ಮಾಡುವ ಕಿಟ್‌ಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ನಿಮ್ಮ ಕಿಟ್‌ನ ಕಾಗದದಲ್ಲಿ ಎಷ್ಟೆಂದು ಬರೆದಿದೆಯೋ ಅದೇ ಅಂತಿಮ. ಆ ಹೊತ್ತು ಮೀರಿದ ಮೇಲೆ ಕಾಣಿಸಿದ್ದನ್ನು ಓದಬಾರದು.

ಯಾಕೆಂದು ತಿಳಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಕಿಟ್‌ನೊಳಗೆ ಇರುವುದು ಒಂದು ಪಟ್ಟಿ. ಅದರ ಮೇಲೆ 'ಟಿ' ಎಂದು ಗುರುತಿಸಿದ ಜಾಗದಲ್ಲಿ ವೈರಸ್‌ನ ಪ್ರೋಟೀನನ್ನು ಹೋಲುವ, ಲ್ಯಾಬ್‌ನಲ್ಲಿ ತಯಾರಿಸಿದ ವಸ್ತುವನ್ನು ಗೆರೆಯಂತೆ ಹಚ್ಚಿರುತ್ತಾರೆ. ನಿಮ್ಮ ರಕ್ತದಲ್ಲಿ ಎಚ್‌ಐವಿ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯಗಳಿದ್ದರೆ ಅವು ಅಲ್ಲಿಗೆ ಹರಿದು ಬಂದು ಅಂಟಿಕೊಳ್ಳುತ್ತವೆ. ಜೊತೆಗಿರುವ ಬಣ್ಣದ ಕಣಗಳೂ ಅಲ್ಲೇ ಸೇರುವುದರಿಂದ ಗೆರೆ ಮೂಡುತ್ತದೆ. 'ಸಿ' ಎಂಬ ಜಾಗದ ಗೆರೆ ಪರೀಕ್ಷೆ ಸರಿಯಾಗಿ ನಡೆಯಿತೆಂಬುದಕ್ಕೆ ಗುರುತು ಅಷ್ಟೆ. ಅದು ಮೂಡದಿದ್ದರೆ ಕಿಟ್ ಕೆಟ್ಟಿದೆ ಎಂದರ್ಥ, ಟಿ ಗೆರೆ ಇದ್ದರೂ ಆ ಫಲಿತಾಂಶ ಲೆಕ್ಕಕ್ಕಿಲ್ಲ. ಗಂಟೆಗಟ್ಟಲೆ ಬಿಟ್ಟರೆ ದ್ರವ ಒಣಗುತ್ತದೆ, ಮುಂದೆ ಹರಿದುಹೋದ ಬಣ್ಣ ಹಿಂದಕ್ಕೂ ಸರಿಯುತ್ತದೆ. ಆಗ ಟಿ ಜಾಗದಲ್ಲಿ ಮಬ್ಬಾದ ಗೆರೆಯೊಂದು ಕಾಣುವುದುಂಟು. ನೀವು ಬೆಳಿಗ್ಗೆ ನೋಡಿದ್ದು ಅದೂ ಆಗಿರಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೇಳಿದ ಅವಧಿಯೊಳಗೇ ಮೂಡಿದ ತೆಳು ಗೆರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಷ್ಟೇ ಮಸುಕಾಗಿರಲಿ, ಗೆರೆ ಗೆರೆಯೇ. ಗಾಢವಾದರೆ ಕಾಯಿಲೆ ಜೋರು, ತೆಳುವಾದರೆ ಸ್ವಲ್ಪ ಎಂಬ ಲೆಕ್ಕ ಇದರಲ್ಲಿಲ್ಲ. ರಾತ್ರಿ ನೀವು ನೋಡಿದ್ದು ಸರಿಯಾದ ಹೊತ್ತಿಗೋ, ಆಗ ದೀಪದ ಬೆಳಕಿನಲ್ಲಿ ತೆಳು ಗೆರೆ ಕಣ್ಣಿಗೆ ಬೀಳದೇ ಹೋಯಿತೋ ಎಂಬ ಅನುಮಾನ ನಿಮಗೇ ಉಳಿದಿರಬೇಕು. ಆದ್ದರಿಂದ ಆ ಪಟ್ಟಿಯನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡುವುದನ್ನು ಬಿಟ್ಟು ಒಮ್ಮೆ ಐಸಿಟಿಸಿಯಲ್ಲಿ ರಕ್ತ ಕೊಟ್ಟು ಬನ್ನಿ. ಐಸಿಟಿಸಿ ಎಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಅಲ್ಲಿ ಪರೀಕ್ಷೆ ಉಚಿತ.

ಇನ್ನು ಗೆರೆ ಸರಿಯಾದ ಹೊತ್ತಿಗೇ ಸ್ಪಷ್ಟವಾಗಿ ಬಂತು ಎಂದಿಟ್ಟುಕೊಳ್ಳಿ. ಆಗಲಾದರೂ ಪಾಸಿಟಿವ್ ಎನ್ನಬಹುದೇ? ಆಗಲೂ ಇಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅದನ್ನು 'ರಿಯಾಕ್ಟಿವ್' ಎನ್ನುತ್ತಾರೆ, ಪಾಸಿಟಿವ್ ಎನ್ನುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 'ಕಿಟ್ ಶೇ 99ಕ್ಕಿಂತ ಹೆಚ್ಚು ಕರಾರುವಾಕ್ಕು ಎಂದು ಡಬ್ಬಿಯ ಮೇಲೇ ಬರೆದಿದೆಯಲ್ಲ, ಹಾಗಾದರೆ ನನಗೆ ಸೋಂಕು ಇರುವ ಸಂಭವ ಶೇ 99 ತಾನೇ' ಎಂದು ಕೇಳುತ್ತಾರೆ. ಕೇಳಿದರೆ ಸರಿ ಎನಿಸುತ್ತದೆ, ಆದರೆ ಸರಿಯಲ್ಲ. ಒಂದು ಲೆಕ್ಕ ಮಾಡೋಣ.

ಭಾರತದಲ್ಲಿ ವಯಸ್ಕರ ಪೈಕಿ ಎಚ್‌ಐವಿ ಸೋಂಕಿತರು ಸುಮಾರು ಶೇ 0.2, ಅಂದರೆ ಸಾವಿರಕ್ಕೆ ಇಬ್ಬರು. ವಿಶೇಷ ಅಪಾಯವೇನೂ ಇಲ್ಲದ 10,000 ಜನ ಮನೆಯಲ್ಲಿ ಪರೀಕ್ಷೆ ಮಾಡಿಕೊಂಡರು ಎನ್ನಿ. ಅವರಲ್ಲಿ ಸೋಂಕು ಇರುವವರು 20 ಮಂದಿ, ಇಲ್ಲದವರು 9,980. ಸೋಂಕು ಇಲ್ಲದವರಲ್ಲಿ ಶೇ 99.5 ಮಂದಿಗೆ ಸರಿಯಾಗಿ 'ಇಲ್ಲ' ಎನ್ನುವ ಕಿಟ್ ಇದು ಎಂದುಕೊಳ್ಳಿ. ಉಳಿದ ಶೇ ಅರ್ಧದಷ್ಟು, ಅಂದರೆ ಸುಮಾರು 50 ಮಂದಿಗೆ ಸೋಂಕಿಲ್ಲದಿದ್ದರೂ ಗೆರೆ ಬರುತ್ತದೆ. ಸೋಂಕಿರುವ 20 ಮಂದಿಗೂ ಬಂತು ಎಂದರೆ ಒಟ್ಟು 70 ಮಂದಿಯ ಕೈಯಲ್ಲಿ ಎರಡು ಗೆರೆ. ಅವರಲ್ಲಿ ನಿಜವಾಗಿ ಸೋಂಕಿರುವವರು 20, ಅಂದರೆ ಏಳು ಜನರಲ್ಲಿ ಇಬ್ಬರು. ಉಳಿದ ಐವರು ಅನಾವಶ್ಯಕವಾಗಿ ನಿದ್ದೆಗೆಟ್ಟವರು.

ಅದೇ ಕಿಟ್ಟನ್ನು ನೂರರಲ್ಲಿ ಹತ್ತು ಮಂದಿಗೆ ಸೋಂಕಿರುವ ಗುಂಪಿನಲ್ಲಿ ಬಳಸಿದರೆ ಲೆಕ್ಕ ತಲೆಕೆಳಗಾಗುತ್ತದೆ. 10,000 ಜನರಲ್ಲಿ 1,000 ಮಂದಿಗೆ ನಿಜವಾದ ಗೆರೆ, 45 ಮಂದಿಗೆ ಮಾತ್ರ ಸುಳ್ಳು ಗೆರೆ. ಕಿಟ್ ಒಂದೇ, ಗೆರೆಯೂ ಒಂದೇ, ಅದರ ತೂಕ ಮಾತ್ರ ಬೇರೆ. ನಿಮ್ಮ ಗೆರೆಗೆ ಎಷ್ಟು ತೂಕ ಎಂಬುದು ನಿಮ್ಮ ಜೀವನದಲ್ಲಿ ಏನು ನಡೆದಿದೆ, ಯಾವಾಗ ನಡೆದಿದೆ ಎಂಬುದರ ಮೇಲೆ ನಿಂತಿದೆ. ಡಬ್ಬಿಯ ಮೇಲಿನ ಶೇಕಡಾವಾರಿಗೆ ಇದು ತಿಳಿಯದು. ಮುಂದೆ ಬೇರೆ ಪರೀಕ್ಷೆಗಳು ಬೇಕಾಗುವುದು ಇದೇ ಕಾರಣಕ್ಕೆ.

ಹೀಗೆ ಖಚಿತಪಡಿಸಿಕೊಳ್ಳುವ ಕ್ರಮ ನಮ್ಮಲ್ಲಿ ಮೊದಲ ದಿನದಿಂದಲೂ ಇದೆ. 1986ರಲ್ಲಿ ಚೆನ್ನೈನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಎಲಿಸಾ ಪರೀಕ್ಷೆಗೆ ಒಡ್ಡಿದಾಗ ಆರು ಮಾದರಿಗಳು ಬಣ್ಣ ತಿರುಗಿದವು, ಅಂದರೆ ರಿಯಾಕ್ಟಿವ್ ಬಂದವು. ಅಷ್ಟಕ್ಕೇ ಅವರು ಘೋಷಿಸಲಿಲ್ಲ. ಅಮೆರಿಕದಲ್ಲಿ ವೆಸ್ಟರ್ನ್ ಬ್ಲಾಟ್ ಎಂಬ ಇನ್ನೊಂದು ಬಗೆಯ ಪರೀಕ್ಷೆ ಮಾಡಿಸಿ ಖಚಿತವಾದ ಮೇಲೆಯೇ ಭಾರತದಲ್ಲಿ ಎಚ್‌ಐವಿ ಇದೆ ಎಂಬುದು ದಾಖಲಾದದ್ದು.

ಇವತ್ತು ಅಷ್ಟು ದೂರ ಕಳಿಸಬೇಕಾಗಿಲ್ಲ. ಐಸಿಟಿಸಿಯಲ್ಲಿ ಮೊದಲ ಕಿಟ್ ರಿಯಾಕ್ಟಿವ್ ಬಂದರೆ ಬೇರೆ ಬಗೆಯ ಎರಡನೆಯ ಮತ್ತು ಮೂರನೆಯ ಕಿಟ್‌ನಲ್ಲಿ ನೋಡುತ್ತಾರೆ. ಮೂರೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ಒಂದಕ್ಕೊಂದು ತಾಳೆಯಾಗದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಕರೆಯುವುದೂ ಉಂಟು. ಅದನ್ನು ಕೆಟ್ಟ ಸುದ್ದಿ ಎಂದು ತಿಳಿಯಬೇಡಿ, ಆತುರಪಡದೆ ನೋಡುತ್ತಿದ್ದಾರೆ ಎಂದು ತಿಳಿಯಿರಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಅದೇ ಕಿಟ್ ಇನ್ನೊಂದು ತರಿಸುವುದರಿಂದ ಪ್ರಯೋಜನ ಕಡಿಮೆ. ನಿಮ್ಮ ರಕ್ತದಲ್ಲಿರುವ ಬೇರೆ ಯಾವುದೋ ಪ್ರತಿಕಾಯ ಆ ಪಟ್ಟಿಗೆ ಅಂಟಿ ಸುಳ್ಳು ಗೆರೆ ಮೂಡಿಸಿದ್ದರೆ ಅದೇ ಕಂಪನಿಯ ಎರಡನೆಯ ಪಟ್ಟಿಗೂ ಅದು ಅಂಟುತ್ತದೆ. ಎರಡು ಸಲ ಗೆರೆ ಬಂತೆಂದು ನೀವು ಇನ್ನಷ್ಟು ಕುಗ್ಗುತ್ತೀರಿ. ಎರಡನೆಯದರಲ್ಲಿ ಬರಲಿಲ್ಲ ಎನ್ನಿ, ಆಗ ಯಾವುದನ್ನು ನಂಬುವುದು ಎಂದು ಮೂರನೆಯದು ತರಿಸುತ್ತೀರಿ. ದುಡ್ಡೂ ಹೋಗುತ್ತದೆ, ದಿನಗಳೂ ಹೋಗುತ್ತವೆ.

ನೀವು ಬಳಸಿದ್ದು ವಸಡಿಗೆ ಸವರುವ ಕಿಟ್ ಆಗಿದ್ದರೆ ಇನ್ನೊಂದು ಅನುಮಾನ ಬರಬಹುದು: ಎಂಜಲಿನಲ್ಲಿ ವೈರಸ್ ಸಿಕ್ಕಿತೇ, ಹಾಗಾದರೆ ಮನೆಯವರ ಜೊತೆ ಒಂದೇ ಲೋಟದಲ್ಲಿ ನೀರು ಕುಡಿದದ್ದು ಏನಾಯಿತು? ಆ ಕಿಟ್ ವೈರಸ್ಸನ್ನು ಹುಡುಕುವುದೇ ಇಲ್ಲ. ರಕ್ತದಿಂದ ವಸಡಿನ ಅಂಚಿಗೆ ಜಿನುಗುವ ಪ್ರತಿಕಾಯಗಳನ್ನು ಹುಡುಕುತ್ತದೆ. ಎಚ್‌ಐವಿ ಎಂಜಲಿನಿಂದ, ಲೋಟ ತಟ್ಟೆಯಿಂದ, ಒಂದೇ ಬಚ್ಚಲು ಬಳಸುವುದರಿಂದ, ಸೊಳ್ಳೆಯಿಂದ ಹರಡುವುದಿಲ್ಲ. ಮನೆಯಲ್ಲಿ ಮಗುವಿದ್ದರೆ ಎಂದಿನಂತೆ ಎತ್ತಿ ಆಡಿಸಿ. ಮಗುವಿನ ಮಾತು ಬಂದದ್ದರಿಂದ ಒಂದು ವಿಷಯ: 18 ತಿಂಗಳೊಳಗಿನ ಮಕ್ಕಳಿಗೆ ಈ ಕಿಟ್ ಬಳಸಲೇಬಾರದು. ತಾಯಿಯ ಪ್ರತಿಕಾಯಗಳು ಅಷ್ಟು ಕಾಲ ಮಗುವಿನ ರಕ್ತದಲ್ಲಿ ಉಳಿಯಬಹುದು, ಮಗುವಿಗೆ ಸೋಂಕಿಲ್ಲದಿದ್ದರೂ ಗೆರೆ ಬರಬಹುದು. ಅವರಿಗೆ ವೈರಸ್ಸನ್ನೇ ನೇರವಾಗಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಇದೆ.

ಒಂದೇ ಗೆರೆ ಬಂದು ನಿರಾಳವಾದವರೂ ಇದನ್ನು ಓದುತ್ತಿರಬಹುದು. ಅವರು ಕ್ಯಾಲೆಂಡರ್ ತೆಗೆದು ನೋಡಬೇಕು. ಸೋಂಕು ತಗಲಿದ ಕೂಡಲೇ ಪ್ರತಿಕಾಯ ಹುಟ್ಟುವುದಿಲ್ಲ. ನಡುವಿನ ಈ ಕಾಲಕ್ಕೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಪ್ರತಿಕಾಯ ಹುಡುಕುವ ಕಿಟ್‌ಗಳಲ್ಲಿ ಇದು ಹೆಚ್ಚೆಂದರೆ 90 ದಿನ. ಹಾಗಾಗಿ ಇವತ್ತಿನ ಒಂದು ಗೆರೆ ಹೇಳುವುದು ಮೂರು ತಿಂಗಳ ಹಿಂದಿನ ಸಂಗತಿಯನ್ನು. ಕಳೆದ ವಾರದ ಘಟನೆಯ ಬಗ್ಗೆ ಅದು ಏನನ್ನೂ ಹೇಳದು. ವಸಡಿನ ಕಿಟ್‌ಗೆ ಇನ್ನೊಂದು ಮಿತಿಯಿದೆ. ಓರಾಕ್ವಿಕ್‌ಗೆ 2012ರಲ್ಲಿ ಅಮೆರಿಕದಲ್ಲಿ ಮನೆ ಬಳಕೆಯ ಒಪ್ಪಿಗೆ ಕೊಡುವಾಗಲೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಸೋಂಕಿರುವ ಹನ್ನೆರಡು ಮಂದಿಯಲ್ಲಿ ಸುಮಾರು ಒಬ್ಬರನ್ನು ಅದು ತಪ್ಪಿಸಿಬಿಡಬಹುದು ಎಂದು ಹೇಳಿತ್ತು. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಕಾಯವನ್ನೂ ವೈರಸ್‌ನ ಪ್ರೋಟೀನನ್ನೂ ಒಟ್ಟಿಗೆ ನೋಡುವ, ನಾಲ್ಕನೇ ತಲೆಮಾರಿನದು ಎನ್ನುವ ಪರೀಕ್ಷೆಗೆ 45 ದಿನ ಸಾಕು. ಈಗಾಗಲೇ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ಮನೆಯಲ್ಲಿ ಪರೀಕ್ಷಿಸಿ ನೋಡಲೇಬಾರದು. ಚಿಕಿತ್ಸೆಯ ಪರಿಣಾಮದಿಂದ ಗೆರೆ ಬಾರದೇ ಹೋಗಬಹುದು. ವಾಸಿಯಾಯಿತೆಂದು ಮಾತ್ರೆ ನಿಲ್ಲಿಸಿದರೆ ಪರಿಸ್ಥಿತಿ ಕೈಮೀರುತ್ತದೆ.

ಅಪಾಯದ ಘಟನೆ ನಡೆದು ಇನ್ನೂ 72 ಗಂಟೆ ಆಗಿಲ್ಲವೇ? ಹಾಗಿದ್ದರೆ ಈ ಪುಟವನ್ನು ಪಕ್ಕಕ್ಕಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ, ರಾತ್ರಿಯಾಗಿದ್ದರೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ. ಸೋಂಕು ನೆಲೆಗೊಳ್ಳದಂತೆ ತಡೆಯುವ ಔಷಧವಿದೆ, ಪಿಇಪಿ ಎನ್ನುತ್ತಾರೆ, 28 ದಿನ ತೆಗೆದುಕೊಳ್ಳಬೇಕು. ಮೊದಲ ಗುಳಿಗೆ ಎಷ್ಟು ಬೇಗ ಹೊಟ್ಟೆಗೆ ಹೋದರೆ ಅಷ್ಟು ಒಳ್ಳೆಯದು. 72 ಗಂಟೆ ಮೀರಿದ ಮೇಲೆ ಅದರಿಂದ ಪ್ರಯೋಜನವಿಲ್ಲ.

ಇನ್ನು ಮೂರನೆಯ ಪ್ರಶ್ನೆ. ನನ್ನ ಅಂದಾಜಿನಲ್ಲಿ ನಿಮ್ಮ ಮೊದಲ ಎರಡು ಪ್ರಶ್ನೆಗಳಿಗಿಂತ ಇದೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ. ಭದ್ರಾವತಿಯಂಥ ಊರಿನಲ್ಲಿ ಅದು ಬರೀ ಕಲ್ಪನೆಯಲ್ಲ. ಕಾರ್ಖಾನೆಯ ಕ್ವಾರ್ಟರ್ಸ್‌ಗಳಲ್ಲಿ ಎರಡು ಮೂರು ತಲೆಮಾರು ಒಟ್ಟಿಗೆ ಬೆಳೆದ ಊರು ಅದು. ಯಾರದೋ ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್, ಯಾರದೋ ತಮ್ಮ ಅಲ್ಲಿಯ ಲ್ಯಾಬ್‌ನಲ್ಲಿ ಕೆಲಸ. 'ಏನು ಇಲ್ಲಿ?' ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ಅದಕ್ಕೆ ಎರಡು ಉತ್ತರಗಳಿವೆ.

ಒಂದು, ನಿಮ್ಮ ತಾಲ್ಲೂಕಿನಲ್ಲೇ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಇಲ್ಲ. ಭದ್ರಾವತಿಯ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ ಬೇಡವೆನಿಸಿದರೆ ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಎರಡು ಊರಿನ ನಡುವೆ ಬಸ್ಸಿಗೆ ಕೊರತೆಯಿಲ್ಲ, ಮುಕ್ಕಾಲು ಗಂಟೆಯ ದಾರಿ. ಶಿವಮೊಗ್ಗದಲ್ಲೇ ಇರುವವರು ಬೇಕಿದ್ದರೆ ಭದ್ರಾವತಿಗೋ ದಾವಣಗೆರೆಗೋ ಹೋಗಲಿ. ಮೆಗ್ಗಾನ್ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ಜಿಲ್ಲೆಯ ಜನರಲ್ಲದೆ ಅಕ್ಕಪಕ್ಕದ ಜಿಲ್ಲೆಗಳವರೂ ಬಂದು ಸೇರುವ ಜಾಗ. ಆ ಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸುವುದು ಕಷ್ಟ, ಗುರುತಿಸಿದವರಿಗೂ ತಮ್ಮದೇ ಚೀಟಿಯ ಚಿಂತೆ.

ಎರಡನೆಯದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಐಸಿಟಿಸಿಯ ಹೊರಗಿನ ಬೆಂಚಿನ ಮೇಲೆ ಕೂತವರನ್ನು ಒಮ್ಮೆ ನೋಡಿ. ತಾಯಿ ಕಾರ್ಡ್ ಹಿಡಿದ ಗರ್ಭಿಣಿಯರು ಇರುತ್ತಾರೆ, ಏಕೆಂದರೆ ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಕ್ಷಯದ ಚಿಕಿತ್ಸೆಯಲ್ಲಿರುವವರು ಇರುತ್ತಾರೆ, ಅವರಿಗೂ ಇದು ವಾಡಿಕೆ. ಆಪರೇಷನ್ನಿಗೆ ಮುಂಚೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ವೈದ್ಯರು ಕಳಿಸಿದ ಅಜ್ಜನೂ ಇರಬಹುದು. ಆ ಬೆಂಚಿನ ಮೇಲೆ ಕೂತ ಮಾತ್ರಕ್ಕೆ ಯಾರ ಬಗ್ಗೆಯೂ ಏನನ್ನೂ ಊಹಿಸಲು ಬರುವುದಿಲ್ಲ.

ಒಳಗೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ, ಗೊತ್ತಿದ್ದರೆ ಅರ್ಧ ಅಳುಕು ಕಡಿಮೆಯಾಗುತ್ತದೆ. ಮೊದಲು ಸಿಗುವವರು ಆಪ್ತ ಸಮಾಲೋಚಕರು. ಮೇಜಿನ ಮೇಲೆ ದೊಡ್ಡ ರಿಜಿಸ್ಟರ್, ಚಿತ್ರಗಳಿರುವ ಮಗುಚುವ ಪಟ, ಕಾಂಡೋಮ್ ಬಳಸುವುದನ್ನು ತೋರಿಸಲು ಮರದ ಒಂದು ಮಾದರಿ. ಅದನ್ನು ಕಂಡು ಮುಜುಗರಪಡಬೇಡಿ, ಅವರಿಗೆ ಅದು ದಿನನಿತ್ಯದ ಸಾಮಾನು. ಬಾಗಿಲು ಹಾಕಿ ಮಾತನಾಡಿಸಿ ಎಂದು ಕೇಳುವ ಹಕ್ಕು ನಿಮಗಿದೆ. 'ಮನೆಯಲ್ಲಿ ಕಿಟ್‌ನಿಂದ ನೋಡಿಕೊಂಡೆ, ಅನುಮಾನವಾಯಿತು' ಎಂದು ನೇರವಾಗಿ ಹೇಳಿ. ಕಿಟ್ಟನ್ನು ಒಯ್ಯಬೇಕಾಗಿಲ್ಲ. ಅವರು ಕೊನೆಯ ಅಪಾಯದ ಘಟನೆ ಯಾವಾಗ, ಸಂಗಾತಿ ಇದ್ದಾರೆಯೇ, ಸೂಜಿಯಿಂದ ಮಾದಕ ವಸ್ತು ತೆಗೆದುಕೊಂಡದ್ದುಂಟೇ ಎಂದು ಕೇಳುತ್ತಾರೆ. ನಿಮ್ಮ ನಡತೆ ತೂಗಲು ಕೇಳುವ ಪ್ರಶ್ನೆಗಳಲ್ಲ ಅವು. ಮೇಲೆ ನಾವು ಮಾಡಿದ ಲೆಕ್ಕದಲ್ಲಿ ನೀವು ಎಲ್ಲಿ ಬರುತ್ತೀರಿ, ವಿಂಡೋ ಪೀರಿಯಡ್ ಕಳೆದಿದೆಯೇ ಎಂದು ತಿಳಿಯಲು. ದಿನಾಂಕದ ವಿಷಯದಲ್ಲಿ ಸುಳ್ಳು ಹೇಳಿದರೆ ಫಲಿತಾಂಶವೇ ಹಾದಿ ತಪ್ಪುತ್ತದೆ. ನಿಮ್ಮ ಒಪ್ಪಿಗೆ ಪಡೆದು ಪಕ್ಕದ ಲ್ಯಾಬ್‌ನಲ್ಲಿ ರಕ್ತ ತೆಗೆಯುತ್ತಾರೆ. ವರದಿ ಸಾಮಾನ್ಯವಾಗಿ ಅದೇ ದಿನ ಬರುತ್ತದೆ. ಅದನ್ನು ನಿಮ್ಮ ಕೈಗೇ, ಮತ್ತೆ ಕೂರಿಸಿ ಮಾತಾಡಿ, ಕೊಡುತ್ತಾರೆ.

ಖಾಸಗಿ ಲ್ಯಾಬ್‌ಗೂ ಹೋಗಬಹುದು, ತಪ್ಪೇನಿಲ್ಲ. ಆದರೆ ಅಲ್ಲಿ ವರದಿ ಮೊಬೈಲಿಗೆ ಬಂದು ಬೀಳುತ್ತದೆ, ಪಕ್ಕದಲ್ಲಿ ಮಾತಾಡುವವರು ಇರುವುದಿಲ್ಲ. ಚಿಕಿತ್ಸೆಗೆ ಸರ್ಕಾರಿ ಕೇಂದ್ರಕ್ಕೆ ಹೋದಾಗ ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಹೇಳಬಹುದು. ಆದ್ದರಿಂದ ನನ್ನ ಒಲವು ಐಸಿಟಿಸಿಯ ಕಡೆಗೇ.

ಒಂದು ವೇಳೆ ಮೂರೂ ಕಿಟ್ ಒಂದೇ ಮಾತು ಹೇಳಿ ಪಾಸಿಟಿವ್ ಎಂದಾದರೆ ನಿಮ್ಮನ್ನು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಜಿಲ್ಲೆಯಲ್ಲಿ ಅದು ಮೆಗ್ಗಾನ್‌ನಲ್ಲಿದೆ. ಅಲ್ಲಿ ಹೆಸರು ನೋಂದಾಯಿಸಿ, ಸಿಡಿ4 (ರೋಗನಿರೋಧಕ ಕಣಗಳ) ಎಣಿಕೆ, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಪರೀಕ್ಷೆಗಳನ್ನು ಮಾಡಿ, ಕ್ಷಯದ ಲಕ್ಷಣವಿದೆಯೇ ಎಂದು ವಿಚಾರಿಸುತ್ತಾರೆ. ಹಿಂದೆ ಸಿಡಿ4 ಒಂದು ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಔಷಧಕ್ಕಾಗಿ ಕಾಯಿಸುತ್ತಿದ್ದರು. 2017ರಿಂದ ಆ ಕಾಯುವಿಕೆ ಇಲ್ಲ, ಪಾಸಿಟಿವ್ ಎಂದು ಖಚಿತವಾದವರೆಲ್ಲರಿಗೂ ಚಿಕಿತ್ಸೆ ಆರಂಭ. ಈಗ ಬಹುತೇಕ ಜನರಿಗೆ ಮೂರು ಔಷಧ ಸೇರಿದ, ಟಿಎಲ್‌ಡಿ ಎಂದು ಕರೆಯುವ, ದಿನಕ್ಕೆ ಒಂದೇ ಮಾತ್ರೆ. 2004ರ ಏಪ್ರಿಲ್‌ನಿಂದ ಈ ಚಿಕಿತ್ಸೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತಾ ಬಂದಿದೆ.

ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪ್ರಮಾಣ ಇಳಿಯುತ್ತದೆ. ಆರು ತಿಂಗಳ ನಂತರ ವೈರಲ್ ಲೋಡ್ ಪರೀಕ್ಷೆ ಮಾಡಿ ಎಷ್ಟಿಳಿದಿದೆ ಎಂದು ನೋಡುತ್ತಾರೆ. ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಯುರೋಪಿನ ಪಾರ್ಟ್ನರ್ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ವೈರಸ್ ಹೀಗೆ ಹತೋಟಿಯಲ್ಲಿದ್ದ ಸಂಗಾತಿಯಿಂದ ಇನ್ನೊಬ್ಬರಿಗೆ ದಾಟಿದ ಒಂದು ಪ್ರಕರಣವೂ ಸಿಗಲಿಲ್ಲ. ಇದು ಮಾತ್ರೆ ತಪ್ಪಿಸದವರಿಗೆ ಮಾತ್ರ ಅನ್ವಯಿಸುವ ಮಾತು. ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ತಾಯಿ ಸಮಯಕ್ಕೆ ಚಿಕಿತ್ಸೆ ಪಡೆದರೆ ಮಗುವಿಗೆ ಸೋಂಕು ತಗಲುವ ಸಂಭವ ತೀರಾ ಕಡಿಮೆ. ಪ್ರತಿ ಸಲವೂ ಶಿವಮೊಗ್ಗಕ್ಕೆ ಬರುವುದು ಕಷ್ಟವಾದರೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರದಿಂದ ಮಾತ್ರೆ ಪಡೆಯಬಹುದೇ ಎಂದು ಅಲ್ಲೇ ಕೇಳಿ.

ಮನೆಯಲ್ಲಿ ಯಾರಿಗೆ, ಯಾವಾಗ ಹೇಳುವುದು? ಖಚಿತವಾಗುವವರೆಗೆ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಆ ತನಕ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಕೆಲವರು ರಿಪೋರ್ಟ್ ತಾನಾಗಿಯೇ ಸಿಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗುತ್ತಾರೆ, ಅದು ತಪ್ಪು. ವಿಂಡೋ ಪೀರಿಯಡ್‌ನಲ್ಲಿರುವ ರಕ್ತ ಜರಡಿಯಿಂದ ನುಸುಳಿ ಇನ್ನೊಬ್ಬರ ಮೈ ಸೇರಬಹುದು. ಖಚಿತವಾದ ಮೇಲೆ ಸಂಗಾತಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಹೇಳಲು ಧೈರ್ಯ ಸಾಲದಿದ್ದರೆ ಸಮಾಲೋಚಕರ ಎದುರಿಗೇ ಇಬ್ಬರೂ ಕೂತು ಮಾತಾಡಬಹುದು. ಹೇಳಿದರೆ ಹೊಡೆಯುತ್ತಾರೆ, ಮನೆಯಿಂದ ಹೊರಗೆ ಹಾಕುತ್ತಾರೆ ಎಂಬ ಭಯವಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ಸಮಾಲೋಚಕರಿಗೆ ತಿಳಿಸಬೇಕು. ಕಾನೂನು ಅಂಥವರನ್ನು ಬೇರೆಯಾಗಿಯೇ ಗಮನಿಸಿದೆ.

ಕಾನೂನು ಎಂದೆನಲ್ಲ, ಅದು 2017ರ ಎಚ್‌ಐವಿ ಮತ್ತು ಏಡ್ಸ್ ನಿಯಂತ್ರಣ ಕಾಯ್ದೆ. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆ ಮನೆ ಬಿಡಿಸುವುದು ಎಲ್ಲವೂ ನಿಷಿದ್ಧ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, ಆಸ್ಪತ್ರೆಗಳಾದರೆ ಇಪ್ಪತ್ತು ಜನರಿದ್ದರೂ, ಇಂಥ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಕಾಯ್ದೆ ಇದ್ದ ಮಾತ್ರಕ್ಕೆ ಬಾಯಿ ಸಡಿಲದವರು ಇಲ್ಲವಾಗುವುದಿಲ್ಲ, ನಿಜ. ಆದರೆ ಕೇಳುವ ಹಕ್ಕು ನಿಮ್ಮ ಕಡೆಗಿದೆ.

ನಾಳೆ ಆಸ್ಪತ್ರೆ ತೆರೆಯುವ ತನಕದ ರಾತ್ರಿ ದೊಡ್ಡದೆನಿಸಿದರೆ ಎರಡು ನಂಬರ್‌ಗಳನ್ನು ಬರೆದಿಟ್ಟುಕೊಳ್ಳಿ, ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಎಚ್‌ಐವಿಗೆ ಸಂಬಂಧಿಸಿದ ಮಾಹಿತಿಗೆ 1097. ಮನಸ್ಸು ತಡೆಯದಂತಾಗಿ ಕೆಟ್ಟ ಯೋಚನೆ ಬಂದರೆ ಟೆಲಿ ಮನಸ್, 14416. ಇನ್ನೊಂದು ಮಾತು, ಬಳಸಿದ ಕಿಟ್ ಎಸೆಯುವಾಗ ಸ್ವಲ್ಪ ಜೋಪಾನ. ಬೆರಳು ಚುಚ್ಚಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಿರಿ. ಹಾಗೇ ಕವರಿನಲ್ಲಿ ಬಿಸಾಡಿದರೆ ಕಸದ ಗಾಡಿಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಐಸಿಟಿಸಿಯ ವರದಿ ನೆಗೆಟಿವ್ ಬಂದು, ಅಪಾಯದ ಘಟನೆ ಕಳೆದು ಮೂರು ತಿಂಗಳು ದಾಟಿದ್ದರೆ ಈ ಪ್ರಕರಣ ಅಲ್ಲಿಗೆ ಮುಗಿಯಿತು. ಮೂರು ತಿಂಗಳು ಆಗಿಲ್ಲದಿದ್ದರೆ ಮತ್ತೆ ಬರಬೇಕಾದ ದಿನಾಂಕವನ್ನು ಅವರೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅಪಾಯದ ಸಂದರ್ಭಗಳು ಜೀವನದಲ್ಲಿ ಮುಂದುವರಿಯುತ್ತಿದ್ದರೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಒಳ್ಳೆಯದು. ನಡುವೆ ಮನೆಯ ಕಿಟ್ ಬಳಸಿದರೂ ತೊಂದರೆಯಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೇ 2016ರಲ್ಲಿ ಸ್ವಯಂ ಪರೀಕ್ಷೆಯನ್ನು ಶಿಫಾರಸು ಮಾಡಿದೆ. ತರಿಸುವ ಮುನ್ನ ಡಬ್ಬಿಯ ಮೇಲೆ ಸ್ವಯಂ ಪರೀಕ್ಷೆಗೆ ಎಂದು ಬರೆದಿದೆಯೇ, ಅವಧಿ ಮುಗಿದಿಲ್ಲವೇ ನೋಡಿ. 'ವೃತ್ತಿಪರರ ಬಳಕೆಗೆ ಮಾತ್ರ' ಎಂದಿದ್ದರೆ ಅದು ಲ್ಯಾಬ್‌ನವರಿಗಾಗಿ ಮಾಡಿದ್ದು, ಕೊಳ್ಳಬೇಡಿ. ವಸಡಿನ ಕಿಟ್ ಆದರೆ ಕಾಲು ಗಂಟೆ ಮುಂಚಿನಿಂದ ಏನನ್ನೂ ತಿನ್ನಬೇಡಿ, ಕುಡಿಯಬೇಡಿ, ಹಲ್ಲುಜ್ಜಿ ಅರ್ಧ ಗಂಟೆ ಕಳೆದಿರಲಿ. ಶನಿವಾರ ರಾತ್ರಿ ಮಾಡಿಕೊಂಡರೆ ಭಾನುವಾರವೆಲ್ಲ ಕಾಯಬೇಕಾಗುತ್ತದೆ, ಮರುದಿನ ಐಸಿಟಿಸಿ ತೆರೆದಿರುವ ವಾರದ ದಿನವನ್ನೇ ಆರಿಸಿಕೊಳ್ಳಿ. ಪಟ್ಟಿಯನ್ನು ದ್ರವದಲ್ಲಿ ಇಟ್ಟ ಸಮಯವನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದು, ಮೊಬೈಲಿನಲ್ಲಿ ಅಲಾರಾಂ ಇಟ್ಟು, ಅದು ಹೊಡೆದಾಗ ಒಂದೇ ಸಲ ನೋಡಿ.